ಎಲ್ಲಾ ಕಾಲಮ್ಮಿಗೂ ಸೊನ್ನೆ

ಗಂಗಾವತಿ ಹತ್ತಿರದ ಒಂದು ಸರ್ಕಾರಿ ಶಾಲೆ. ನಾನು ಅಲ್ಲಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯ. ಮೀಟಿಂಗಿಗೆ ಹೋಗಿ, ಸಹಿ ಹಾಕಿ, ಚಹಾ ಕುಡಿದು ಬರುವವನು. ಮೊನ್ನೆ ಹೋದಾಗ ಹೆಡ್‌ಮಾಸ್ತರರು ಮೊಬೈಲ್ ಹಿಡಿದು ಬೆವರುತ್ತಿದ್ದರು. ಶಾಲೆಯಲ್ಲಿ ನಡೆದ ಅಪರಾಧ, ಮಕ್ಕಳ ಸುರಕ್ಷತೆ ಬಗ್ಗೆ ಸಮೀಕ್ಷೆಯಂತೆ. ಗ್ರೂಪಿನಲ್ಲಿ ಲಿಂಕ್ ಬಂದದ್ದು ಮೂರು ಗಂಟೆಗೆ. ತುಂಬಿ ಕಳಿಸಬೇಕಾದದ್ದು ಐದರೊಳಗೆ.

ಮೊದಲ ಪ್ರಶ್ನೆ: ಈ ವರ್ಷ ನಡೆದ ಕಳ್ಳತನಗಳ ಸಂಖ್ಯೆ?

ಬೋರ್‌ವೆಲ್ ಮೋಟರ್ ಹೋದದ್ದು ಊರಿಗೆಲ್ಲ ಗೊತ್ತು. ಬಿಸಿಯೂಟದ ಸಿಲಿಂಡರ್ ಹೋದದ್ದೂ ಗೊತ್ತು. ಅವತ್ತು ಅಡುಗೆಯವರು ಮುರಿದ ಬೆಂಚಿನ ಕಾಲು ಉರಿಸಿ ಅನ್ನ ಮಾಡಿದ್ದರು.

"ಎರಡು ಅಂತ ಹಾಕ್ಲೇನ್ರೀ ಸರ್?" ಅತಿಥಿ ಶಿಕ್ಷಕ ಕೇಳಿದ. ಹೊಸ ಹುಡುಗ.

"ಸೊನ್ನಿ ಹಾಕಪಾ. ಎರಡು ಅಂದ್ರ ಎಫ್‌ಐಆರ್ ಕಾಪಿ ಕೇಳ್ತಾರ. ಕಾಪಿ ಕೊಟ್ರ ನನಗ ನೋಟಿಸ್ ಕೊಡ್ತಾರ. ಮೋಟರ್ ಹೋಗಿದ್ದು ದಸರಾ ಸೂಟಿಯಾಗ. ಸೂಟಿಯಾಗ ಸಾಲಿ ಎಲ್ಲಿರ್ತೈತಿ?"

ಅಮೆರಿಕದಲ್ಲೂ ಇಂಥದೊಂದು ಸಮೀಕ್ಷೆ ಇದೆ. 1999–2000ರ ಶಾಲಾ ವರ್ಷದಲ್ಲಿ ಶುರುವಾದದ್ದು. ಅಲ್ಲೂ ಹೆಡ್‌ಮಾಸ್ತರರೇ ಉತ್ತರ ಬರೆಯಬೇಕು. ಆದರೆ ಅವರಿಗೆ ಎರಡು ಕಾಲಂ: ನಡೆದದ್ದೆಷ್ಟು, ಅದರಲ್ಲಿ ಪೊಲೀಸರಿಗೆ ಹೇಳಿದ್ದೆಷ್ಟು. ಪಾಪ, ಏನೂ ತಿಳಿಯದ ಜನ. ನಡೆದದ್ದೇ ಬೇರೆ, ಹೇಳಿದ್ದೇ ಬೇರೆ ಅಂತ ಸರ್ಕಾರವೇ ಫಾರ್ಮಿನಲ್ಲಿ ಒಪ್ಪಿಕೊಳ್ಳುವುದಾ! ನಮ್ಮದರಲ್ಲಿ ಒಂದೇ ಕಾಲಂ. ಅದಕ್ಕೆ ಒಂದೇ ಉತ್ತರ.

ದೈಹಿಕ ಶಿಕ್ಷೆಯ ಪ್ರಕರಣಗಳು? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಮಕ್ಕಳನ್ನು ಹೊಡೆಯುವ ಹಾಗಿಲ್ಲ. ಹೊಡೆಯುವ ಹಾಗೇ ಇಲ್ಲ ಅಂದ ಮೇಲೆ ಹೊಡೆದಿರುವುದು ಹೇಗೆ? ಸೊನ್ನೆ. ಮೇಜಿನ ಮೇಲಿದ್ದ ಹುಣಸೆ ಬರಲು ನಕ್ಷೆ ತೋರಿಸಲಿಕ್ಕಂತೆ. ಚಹಾ ತಂದ ನಾಲ್ಕನೇ ಕ್ಲಾಸಿನ ಹುಡುಗ ಅದನ್ನು ನೋಡಿದ್ದೇ ಬಲಗೈ ಬೆನ್ನ ಹಿಂದೆ ಇಟ್ಟುಕೊಂಡ. ಭೂಗೋಳ ಅಂದರೆ ಭಯ ಇರಬೇಕು.

ಆವರಣದಲ್ಲಿ ಮದ್ಯಪಾನ? ಸೋಮವಾರ ಪ್ರಾರ್ಥನೆಗೆ ಮೊದಲು ಮಕ್ಕಳು ವರಾಂಡದಲ್ಲಿ ಖಾಲಿ ಟೆಟ್ರಾ ಪ್ಯಾಕ್ ಆರಿಸುತ್ತಾರೆ. ಅದನ್ನು ಹೆಡ್‌ಮಾಸ್ತರರು 'ಸ್ವಚ್ಛತಾ ಚಟುವಟಿಕೆ'ಯಲ್ಲಿ ಹಾಕಿಸಿದರು. ಅಲ್ಲಿ ಸಂಖ್ಯೆ ಜಾಸ್ತಿ ಇದ್ದಷ್ಟೂ ಒಳ್ಳೆಯದು, ಅಲ್ವಾ?

ಬೀಗ ಹಾಕಿದ ದೂರು ಪೆಟ್ಟಿಗೆಯ ಕೀಲಿ ಸಿಗಲಿಲ್ಲ. ದೂರುಗಳೂ ಸೊನ್ನೆ. ನಾನು ಸಹಿ ಹಾಕಿದೆ.

ಇನ್ನೇನು ಮುಗಿಯಿತು ಅನ್ನುವಾಗ ಕೊನೆಯ ಪ್ರಶ್ನೆ ಅಡ್ಡ ಬಂತು. ಮಕ್ಕಳ ಸಹಾಯವಾಣಿ 1098 ಗೋಡೆ ಮೇಲೆ ಬರೆಸಿದೆಯೇ? ಜಿಪಿಎಸ್ ಫೋಟೊ ಹಾಕಿ.

ಬರೆಸಿದ್ದರು, ಸುಳ್ಳಲ್ಲ. ಹೋದ ಮಳೆಗಾಲದಲ್ಲಿ ಕಾಂಪೌಂಡಿನ ತುದಿ ಕುಸಿದಾಗ ಕೊನೆಯ 8 ಅದರ ಜೊತೆ ಬಿತ್ತು. ಈಗ ಗೋಡೆ ಮೇಲೆ ಉಳಿದಿರುವುದು 109. ಶಾಲೆಗಳ ಅಂಕಿಅಂಶ ಕೇಳುವ ಯು-ಡೈಸ್ ಫಾರ್ಮಿನಲ್ಲಾದರೆ ಕಾಂಪೌಂಡಿಗೆ 'ಪಕ್ಕಾ, ಆದರೆ ಒಡೆದಿದೆ' ಅಂತ ಒಂದು ಆಯ್ಕೆ ಇದೆ. ನಂಬರಿಗೆ ಅಂಥ ಆಯ್ಕೆ ಇಲ್ಲ.

ಗಂಟೆ ಐದಕ್ಕೆ ಐದು ನಿಮಿಷ. ಚಹಾ ತಂದ ಹುಡುಗನನ್ನೇ ಕರೆದರು. ಸ್ಲೇಟಿನ ಮೇಲೆ ದೊಡ್ಡದಾಗಿ 8 ಬರೆದು ಕೊಟ್ಟು, ಗೋಡೆ ಮುರಿದ ಜಾಗದಲ್ಲಿ ನಿಲ್ಲಿಸಿದರು.

"ಸ್ವಲ್ಪ ಮ್ಯಾಲ ಹಿಡಿಯೋ. ನಗು."

ಎಡಗೈಯಲ್ಲೇ ಸ್ಲೇಟ್ ಎತ್ತಿ ಹಿಡಿದ. ಬಲಗೈ ಇನ್ನೂ ಬೆನ್ನ ಹಿಂದೆಯೇ ಇತ್ತು.