ಬೇಗ ಬನ್ನಿ ಸಾರ್, ಕೆರೆ ಉರೀತಿದೆ

ಬೆಂಕಿ ನಂದಿಸಲು ಹೊರಟವರಿಗೆ ಸ್ಥಳ ತಲುಪಿದ ಕೂಡಲೇ ತಿಳಿಯಬೇಕಾದದ್ದು ಹತ್ತಿರದಲ್ಲಿ ನೀರು ಎಲ್ಲಿದೆ ಎಂಬುದು. ವಾಹನದ ಟ್ಯಾಂಕಿನಲ್ಲಿ ಹೊತ್ತು ತಂದ ನಾಲ್ಕೈದು ಸಾವಿರ ಲೀಟರ್ ನೀರು ಪಂಪಿನ ರಭಸಕ್ಕೆ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ; ಆಮೇಲೆ ಬಾವಿಯೋ ಹೊಂಡವೋ ಕೆರೆಯೋ ಸಿಕ್ಕರೆ ಪೈಪು ಇಳಿಬಿಟ್ಟು ಎಳೆದುಕೊಳ್ಳಬೇಕು. ಈ ವಿಷಯದಲ್ಲಿ ಬೆಂಗಳೂರಿನ ಅಗ್ನಿಶಾಮಕ ದಳದವರು ಪುಣ್ಯವಂತರು. ಇಲ್ಲಿ ಕೆರೆಯನ್ನು ಹುಡುಕಿಕೊಂಡು ಅಲೆಯಬೇಕಿಲ್ಲ, ಬೆಂಕಿಯೇ ಕೆರೆಯೊಳಗೆ ಬಂದು ಕೂರುತ್ತದೆ.

ಬೆಳ್ಳಂದೂರು ಕೆರೆ 2015ರ ಮೇ ತಿಂಗಳಲ್ಲಿ ಹೊತ್ತಿಕೊಂಡಿತು, 2017ರ ಫೆಬ್ರುವರಿಯಲ್ಲಿ ಮತ್ತೆ ಹೊತ್ತಿಕೊಂಡಿತು, 2018ರ ಜನವರಿ 19ರಂದು ಮಗದೊಮ್ಮೆ ಹೊತ್ತಿಕೊಂಡಿತು. ಮೊದಲ ಸಲ ನಿಯಂತ್ರಣ ಕೊಠಡಿಯ ಫೋನು ಎತ್ತಿದವರ ಪಾಡನ್ನು ಊಹಿಸಿಕೊಳ್ಳಬಹುದು. ‘ಎಲ್ಲಿ ಬೆಂಕಿ?’ ‘ಕೆರೇಲಿ ಸಾರ್.’ ‘ಕೆರೆ ದಡದ ಮೇಲಾ?’ ‘ಅಲ್ಲ ಸಾರ್, ಕೆರೆಗೇ.’ ಇಂಥ ಕರೆ ಬೇರೆ ಊರಿನಲ್ಲಿ ಬಂದಿದ್ದರೆ, ಕುಡಿದವನ ಹುಡುಗಾಟವೆಂದು ಬೈದು ಫೋನು ಇಡುತ್ತಿದ್ದರು.

ನಗರದ ಅತಿ ದೊಡ್ಡ ಕೆರೆ ಎಂಬ ಬಿರುದನ್ನೂ ಸುಮಾರು 900 ಎಕರೆ ವಿಸ್ತಾರವನ್ನೂ ಹೊತ್ತಿರುವ ಈ ಜಲರಾಶಿಗೆ ಒಡೆಯರ ಕೊರತೆ ಎಂದೂ ಇರಲಿಲ್ಲ. ಕೆರೆಯ ಉಸ್ತುವಾರಿ ಅಭಿವೃದ್ಧಿ ಪ್ರಾಧಿಕಾರದ್ದು, ಅದಕ್ಕೆ ಹರಿದುಬರುವ ಕೊಳಚೆ ಜಲಮಂಡಳಿಯ ಬಾಬತ್ತು, ದಡದ ಕಸ ಪಾಲಿಕೆಗೆ ಸೇರಿದ್ದು, ಇವೆಲ್ಲ ಕೂಡಿ ಎಷ್ಟು ಗಬ್ಬೆದ್ದಿದೆ ಎಂದು ಅಳೆದು ಹೇಳುವುದು ಮಾಲಿನ್ಯ ನಿಯಂತ್ರಣ ಮಂಡಳಿಯ ಕರ್ತವ್ಯ. ಹೊಗೆ ಎದ್ದ ಗಳಿಗೆಯಲ್ಲಿ ಮಾತ್ರ ಈ ನಾಲ್ಕೂ ಮನೆಯವರು ಒಂದೇ ಮನಸ್ಸಿನಿಂದ 101ರ ಕಡೆಗೆ ಬೆರಳು ತೋರಿಸುತ್ತಾರೆ. ಪತ್ರ ವ್ಯವಹಾರ ನಡೆಸದೆ ನೇರ ಸ್ಥಳಕ್ಕೆ ಹೋಗಿಬಿಡುವ ಕೆಟ್ಟ ಚಾಳಿ ಆ ಒಂದು ಇಲಾಖೆಗೆ ಮಾತ್ರ ಅಂಟಿದೆ.

ನೊರೆಯ ಕಥೆ ಇದಕ್ಕಿಂತ ಸೊಗಸು. ಮಾರ್ಜಕ ಬೆರೆತ ಕೊಳಚೆಯ ನೊರೆ ಕೋಡಿಯಲ್ಲಿ ಉಕ್ಕಿ, ಗಾಳಿಗೆ ಹಾರಿ, ರಸ್ತೆಯಲ್ಲಿ ಹೋಗುವ ಸ್ಕೂಟರ್ ಸವಾರರ ಮುಖಕ್ಕೆ ಬಡಿಯತೊಡಗಿದಾಗ ಆಡಳಿತವು ಸುಮ್ಮನೆ ಕೂರಲಿಲ್ಲ. ರಸ್ತೆಯಂಚಿಗೆ ಎತ್ತರದ ಜಾಲರಿ ಕಟ್ಟಿಸಿತು. ಮನೆಗೆ ಸೊಳ್ಳೆ ಬಾರದಂತೆ ಕಿಟಕಿಗೆ ಬಲೆ ಹಾಕಿಸಿದಷ್ಟೇ ನಿಶ್ಚಿಂತೆಯಿಂದ ಕೆರೆಗೂ ಬಲೆ ಹಾಕಿಸಿದ ಕೀರ್ತಿ ನಮ್ಮ ರಾಜಧಾನಿಯದು.

2018ರಲ್ಲಿ ಬೆಂಕಿ ಕಾಣಿಸಿಕೊಂಡದ್ದು ವಾಹನಗಳು ತಲುಪಲಾಗದ ಜಾಗದಲ್ಲಿ. ಕಾಲಿಟ್ಟರೆ ನೆಲ ಎನಿಸುವ, ಇನ್ನೊಂದು ಹೆಜ್ಜೆಗೆ ಸೊಂಟದವರೆಗೆ ನುಂಗುವ ಕಳೆಯ ಹಾಸಿನ ಮೇಲೆ ಭಾರದ ಪೈಪನ್ನು ಎಳೆದುಕೊಂಡು ನಡೆಯುವುದನ್ನು ಯಾವ ಕವಾಯತೂ ಕಲಿಸುವುದಿಲ್ಲ. ಕೊನೆಗೆ ಪಕ್ಕದ ಸೇನಾ ನೆಲೆಯಿಂದ ಯೋಧರು ಸಾವಿರಾರು ಸಂಖ್ಯೆಯಲ್ಲಿ ಬಂದು ಕೈಜೋಡಿಸಿದರು. ಶತ್ರುವಿನಿಂದ ಗಡಿ ಕಾಯಲು ಸೇರಿದವರು ಊರಿನ ಬಚ್ಚಲು ಆರಿಸಲು ನಿಂತ ಆ ದಿನಗಳಲ್ಲಿ ಅಧಿಕಾರಸ್ಥರು ಒಂದು ಸಮಾಧಾನದ ಮಾತನ್ನೂ ಹೇಳಿದರು: ಉರಿದದ್ದು ಕೆರೆಯಲ್ಲ, ಕೆರೆಯಲ್ಲಿ ಬೆಳೆದು ಒಣಗಿದ ಹುಲ್ಲು. ಗಡ್ಡಕ್ಕೆ ಬೆಂಕಿ ಬಿದ್ದವನಿಗೆ ‘ಹೆದರಬೇಡ, ನಿನಗೇನೂ ಆಗಿಲ್ಲ, ಉರಿಯುತ್ತಿರುವುದು ಕೂದಲು ಮಾತ್ರ’ ಎಂದು ಧೈರ್ಯ ತುಂಬುವ ಕ್ರಮ ಇದು.

ಅದೇ ವರ್ಷದ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿತು. ದಂಡದ ದುಡ್ಡೂ ತೆರಿಗೆ ಕಟ್ಟುವವರದ್ದೇ, ಹೊಗೆ ಕುಡಿದವರೂ ಅವರೇ, ಲೆಕ್ಕ ಸರಿಹೋಯಿತು. ಮುಂದೆ ಹೂಳೆತ್ತುವುದಕ್ಕಾಗಿ ಬರುವ ನೀರನ್ನು ಬೇರೆ ಕಾಲುವೆಗೆ ತಿರುಗಿಸಿ ಕೆರೆಯನ್ನೇ ಬರಿದು ಮಾಡಲಾಯಿತು. ಕೆಲಸ ಬೇಕಾದದ್ದೇ, ಆಕ್ಷೇಪವಿಲ್ಲ. ಆದರೂ ನೀರಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳಲು ನೀರನ್ನೇ ತೆಗೆಯುವುದರಲ್ಲಿ ಒಂದು ಆಡಳಿತಾತ್ಮಕ ಸೌಂದರ್ಯವಿದೆ.

ನನಗೆ ಮರುಕ ಹುಟ್ಟುವುದು ಅಂದು ರಾತ್ರಿ ಠಾಣೆಗೆ ಮರಳಿ, ಮಸಿ ಹಿಡಿದ ಕೈ ತೊಳೆದು, ಘಟನೆಯ ವರದಿ ತುಂಬಲು ಕುಳಿತಿರಬಹುದಾದ ಒಬ್ಬ ಅಧಿಕಾರಿಯ ಬಗ್ಗೆ. ಆಸ್ತಿಯ ಮಾಲೀಕರು ಎಂಬಲ್ಲಿ ಅವರು ಬಹಳ ಹೊತ್ತು ಪೆನ್ನು ತಡೆದು, ಆಮೇಲೆ ಆ ಜಾಗವನ್ನು ಖಾಲಿ ಬಿಟ್ಟಿರಬೇಕು. ಉಳಿದ ಕಲಮುಗಳು ಸುಲಭ. ಬೆಂಕಿ ಬಿದ್ದ ಸ್ಥಳ: ಬೆಳ್ಳಂದೂರು ಕೆರೆ. ಅತಿ ಸಮೀಪದ ಜಲಮೂಲ: ಬೆಳ್ಳಂದೂರು ಕೆರೆ.