ಯಾರ ಮಗ ಎಂದು ಕೇಳದ ಸಾವಿರ ಯೆನ್

ಕಳೆದ ತಿಂಗಳು ಒಂದು ಸಂಜೆ ಟೋಕಿಯೋದ ಅಕಿಹಬಾರಾ ಸ್ಟೇಷನ್ನಿನ ಗೇಟಿನ ಎದುರು ನಿಂತು ಪ್ಯಾಂಟಿನ ಎರಡೂ ಜೇಬು ತಡಕಿದೆ. ಮನೆಯ ಕೀಲಿಕೈ ಸಿಕ್ಕಿತು, ಮೂಗೊರೆಸುವ ಕಾಗದ ಸಿಕ್ಕಿತು. ಫೋನು, ಪರ್ಸು ಎರಡೂ ಬ್ಯಾಗಿನಲ್ಲಿದ್ದವು, ಬ್ಯಾಗು ರೈಲಿನಲ್ಲಿ ತಲೆಯ ಮೇಲಿನ ಸಾಮಾನಿನ ಹಲಗೆಯ ಮೇಲಿತ್ತು, ರೈಲು ಹೊರಟುಹೋಗಿತ್ತು. ಸ್ಟೇಷನ್ನಿನವರು ರೈಲಿನ ಹೊತ್ತು, ಬೋಗಿ, ಬ್ಯಾಗಿನ ಬಣ್ಣ ಎಲ್ಲ ಬರೆದುಕೊಂಡು ನನ್ನನ್ನು ಪಕ್ಕದ ಗೇಟಿನಿಂದ ಹೊರಗೆ ಬಿಟ್ಟರು. ಸಿಕ್ಕರೆ ಫೋನ್ ಮಾಡುತ್ತೇವೆ, ನಂಬರ್ ಕೊಡಿ ಅಂದರು. ಕೊಟ್ಟೆ. ಆ ಫೋನೂ ಅದೇ ಬ್ಯಾಗಿನಲ್ಲಿದೆ ಅನ್ನುವುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

ಹೊರಗೆ ಹಸಿರು ಬಣ್ಣದ ಸಾರ್ವಜನಿಕ ಫೋನ್ ಒಂದಿತ್ತು. ಜಪಾನಿನಲ್ಲಿ ಇವು ಇನ್ನೂ ಅಲ್ಲಲ್ಲಿ ಉಳಿದಿವೆ. ಪೊಲೀಸರ 110ರಂಥ ತುರ್ತು ನಂಬರುಗಳಿಗೆ ಕಾಸಿಲ್ಲದೆ ಕರೆ ಹೋಗುತ್ತದೆ, ಉಳಿದದ್ದಕ್ಕೆ 10 ಯೆನ್ ನಾಣ್ಯ ಬೇಕು. ನಾಣ್ಯ ಇದ್ದಿದ್ದರೂ ಯಾರಿಗೆ ಮಾಡಬೇಕಿತ್ತು? ಮಕ್ಕಳ ರಜೆಗೆಂದು ಹೆಂಡತಿ ಶಿವಮೊಗ್ಗಕ್ಕೆ ಹೋಗಿದ್ದಾಳೆ. ಹದಿನಾರು ವರ್ಷ ಸಂಸಾರ ಮಾಡಿದವಳ ನಂಬರು ನನ್ನ ಬಾಯಿಗೆ ಬರಲಿಲ್ಲ. ಬಂದದ್ದು ಒಂದೇ ನಂಬರು, 08182ರಿಂದ ಶುರುವಾಗುವ ನಮ್ಮ ಮನೆಯ ಲ್ಯಾಂಡ್‌ಲೈನ್. ಅಪ್ಪ ತೀರಿಕೊಂಡ ವರ್ಷವೇ ಅದನ್ನು ತೆಗೆಸಿಬಿಟ್ಟಿದ್ದೆವು.

ಮನೆ ಇರುವುದು ನಿಷಿ ಕಸಾಯಿಯಲ್ಲಿ. ಟಿಕೆಟ್ಟಿಗೆ 300 ಯೆನ್ ಕೂಡ ಆಗುವುದಿಲ್ಲ. ಆ 300 ಯೆನ್ನನ್ನು ಯಾರನ್ನಾದರೂ ಕೇಳೋಣ ಎಂದು ಒಂದು ಕಂಬಿಯ ಮೇಲೆ ಕೂತೆ. ಒಂದು ಗಂಟೆ ಕೂತೇ ಇದ್ದೆ. ಸಾವಿರ ಜನ ಹಾದುಹೋಗಿರಬಹುದು, ಒಬ್ಬರನ್ನೂ ಕೇಳಲಾಗಲಿಲ್ಲ. ಬಾಯಿ ತೆರೆಯಲು ಹೋದಾಗಲೆಲ್ಲ ಕಣ್ಣೆದುರು ಬರುತ್ತಿದ್ದವನು ಮೆಜೆಸ್ಟಿಕ್ಕಿನ ಆ ಮನುಷ್ಯ. ನೀವೂ ನೋಡಿರುತ್ತೀರಿ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲೊಂದು ಚೀಲ, ಪಕ್ಕದಲ್ಲಿ ಕೆಲವೊಮ್ಮೆ ಹೆಂಗಸು ಮಗು. ‘ಸಾರ್, ತಪ್ಪು ತಿಳ್ಕೋಬೇಡಿ, ಪರ್ಸು ಹೊಡೆದುಬಿಟ್ರು, ಊರಿಗೆ ಹೋಗೋಕೆ ಇನ್ನೂರು ರೂಪಾಯಿ.’ ಅವನಿಗೆ ನಾನು ಮೂರು ಸಲವಾದರೂ ಕೊಟ್ಟಿದ್ದೇನೆ, ಮೂರನೆಯ ಸಲ ಅವನೇ ಇವನು ಎಂದು ಗೊತ್ತಿದ್ದೂ ಕೊಟ್ಟಿದ್ದೇನೆ. ಈಗ ನಾನು ನಿಜವಾಗಿ ಹೇಳಬೇಕಾದ ಮಾತು ಅಕ್ಷರಶಃ ಅವನದೇ ಮಾತಾಗಿತ್ತು. ನಮ್ಮೂರಿನಲ್ಲಿ ನಿಜವಾಗಿ ಕಳೆದುಕೊಂಡವನಿಗೆ ಹೇಳಿಕೊಳ್ಳಲು ಬೇರೆ ಮಾತನ್ನೇ ಅವನು ಉಳಿಸಿಲ್ಲ. ಎಲ್ಲರೂ ಫೋನಿನಲ್ಲೇ ದುಡ್ಡು ಕಳಿಸುವ ಈ ಕಾಲದಲ್ಲಿ ಕೊಡುವ ಮನಸ್ಸಿದ್ದವನ ಜೇಬಿನಲ್ಲೂ ನೋಟಿರುವುದಿಲ್ಲ, ಅದು ಬೇರೆ.

ಕೊನೆಗೆ ಒಬ್ಬ ಹೆಂಗಸಿನ ಹತ್ತಿರ ಹೋಗಿ, ದುಡ್ಡಿನ ಮಾತೆತ್ತದೆ, ಬ್ಯಾಗು ಕಳೆದುಹೋಗಿದೆ ಅಂದೆ. ಆಕೆ ಕಕ್ಕಾಬಿಕ್ಕಿಯಾದರು. ನಾಲ್ಕು ಸಲ ಬಾಗಿ, ಎದುರಿನ ಕೊಬಾನಿನ ತನಕ ನಡೆದು ಬಂದು, ಬಾಗಿಲಲ್ಲಿ ನನ್ನನ್ನು ಬಿಟ್ಟು ಹೋದರು. ಕೊಬಾನ್ ಅಂದರೆ ಬೀದಿಬದಿಯ ಪುಟ್ಟ ಪೊಲೀಸ್ ಚೌಕಿ. ಒಂದು ಮೇಜು, ಗೋಡೆಯ ಮೇಲೆ ಆ ಪ್ರದೇಶದ ನಕ್ಷೆ, ಒಬ್ಬಿಬ್ಬರು ಪೊಲೀಸರು. ದೇಶದಲ್ಲಿ ಇಂಥವು ಸುಮಾರು 6 ಸಾವಿರ ಇವೆ. ಒಳಗಿದ್ದವನು ನನ್ನ ಅಣ್ಣನ ಮಗನ ವಯಸ್ಸಿನ ಹುಡುಗ. ಕಳೆದ ವಸ್ತುವಿನ ದೂರು ಬರೆದುಕೊಂಡು, ಪೆನ್ನು ಕೆಳಗಿಟ್ಟು, ‘ಮನೆಗೆ ಹೇಗೆ ಹೋಗುತ್ತೀರಿ?’ ಎಂದು ಕೇಳಿದ. ನಡೆದು ಹೋಗುತ್ತೇನೆ ಅಂದೆ. ಅವನು ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದ.

ಟೋಕಿಯೋ ಪೊಲೀಸರಲ್ಲಿ ಒಂದು ಪದ್ಧತಿ ಇದೆ. ಪರ್ಸು ಕಳೆದುಕೊಂಡು ಊರಿನ ನಡುವೆ ಸಿಕ್ಕಿಬಿದ್ದವರಿಗೆ ಮನೆ ಸೇರಲು 1000 ಯೆನ್ ತನಕ ಸಾಲ ಕೊಡುತ್ತಾರೆ. ನಮ್ಮ ಲೆಕ್ಕದಲ್ಲಿ ಐನೂರು ಆರುನೂರು ರೂಪಾಯಿ. ಬಡ್ಡಿ ಇಲ್ಲ. ಊರಿನ ಯಾವ ಕೊಬಾನಿಗೆ ಬೇಕಾದರೂ ಹೋಗಿ ತೀರಿಸಬಹುದು. ಆ ಕಾಗದದಲ್ಲಿ ಬರೆಯಬೇಕಾದದ್ದು ಹೆಸರು, ವಿಳಾಸ, ಯಾಕೆ, ಎಷ್ಟು. 300 ಎಂದು ಬರೆಯಲು ಹೋದೆ. ‘ಸಾವಿರವೇ ಇರಲಿ, ನಾಳೆ ಬ್ಯಾಗು ತರಲು ಓಡಾಡಬೇಕಲ್ಲ’ ಅಂದ. ನಾನು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಹತ್ತು ನಿಮಿಷವೂ ಆಗಿರಲಿಲ್ಲ. ಮರುದಿನ ಕೊನೆಯ ಸ್ಟೇಷನ್ನಿನಲ್ಲಿ ಬ್ಯಾಗು ಸಿಕ್ಕಿತು, ಯೆನ್ ಒಂದೂ ಕಡಿಮೆಯಾಗಿರಲಿಲ್ಲ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬರೆಯುವುದಿಲ್ಲ. ನನ್ನ ತಲೆಯಲ್ಲಿ ಕೂತದ್ದು ಆ ಕಾಗದ. ಅದರಲ್ಲಿ ಅಪ್ಪನ ಹೆಸರಿಗೆ ಜಾಗವೇ ಇರಲಿಲ್ಲ.

1997ರಲ್ಲಿ ಮೈಸೂರಿನಲ್ಲಿ ಓದುತ್ತಿದ್ದಾಗ, ದೀಪಾವಳಿಗೆ ಊರಿಗೆ ಹೊರಟವನ ಜೇಬು ಬಸ್ಸಿನ ನೂಕುನುಗ್ಗಲಲ್ಲಿ ಖಾಲಿಯಾಯಿತು. ಗೊತ್ತಾದದ್ದು ಕಡೂರಿನಲ್ಲಿ ಬಸ್ಸು ಬದಲಿಸಲು ಇಳಿದಾಗ. ರಾತ್ರಿ ಒಂಬತ್ತೂವರೆ. ಸ್ಟ್ಯಾಂಡಿನ ಎದುರು ಒಂದು ಹೋಟೆಲು. ಯಜಮಾನರೇ ಗಲ್ಲಾ ಬಿಟ್ಟು ಹೊರಗೆ ಬಂದು, ‘ಯಾಕೋ ಹುಡುಗ, ಆಗಿಂದ ಇಲ್ಲೇ ನಿಂತಿದೀಯ?’ ಎಂದು ಕೇಳಿದರು. ಹೇಳಿದೆ. ಆಮೇಲೆ ಪರೀಕ್ಷೆ ಶುರುವಾಯಿತು. ಯಾವೂರು? ಶಿವಮೊಗ್ಗದಲ್ಲಿ ಎಲ್ಲಿ? ಮೂಲ ಎಲ್ಲಿಯವರು? ಯಾರ ಮಗ? ಅಜ್ಜನ ಹೆಸರೇನು? ನೀವು ಯಾವ ಪೈಕಿ? ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಹೆಸರು ಬಂದದ್ದೇ ತಡ ಅವರ ಮುಖ ಬದಲಾಯಿತು. ದೊಡ್ಡಪ್ಪನ ಸೊಸೆಯ ತಂಗಿಯನ್ನು ಇವರ ಷಡ್ಡಕನ ತಮ್ಮನಿಗೆ ಕೊಟ್ಟಿತ್ತಂತೆ. ‘ಅಯ್ಯೋ, ನಮ್ಮ ಹುಡುಗನೇ ಆದ್ಯಲ್ಲ!’ ಒಳಗೆ ಕೂರಿಸಿ ಊಟ ಹಾಕಿಸಿದರು, ಐವತ್ತು ರೂಪಾಯಿ ಕೊಟ್ಟರು, ಕಂಡಕ್ಟರಿಗೆ ಹೇಳಿ ಮುಂದಿನ ಸೀಟು ಕೊಡಿಸಿದರು.

ಈ ಕಥೆಯನ್ನು ಇಪ್ಪತ್ತು ವರ್ಷ ನಾನು ಇಷ್ಟಕ್ಕೇ ನಿಲ್ಲಿಸಿ ಹೇಳುತ್ತ ಬಂದಿದ್ದೇನೆ. ಹೊರನಾಡಿನಲ್ಲಿ ನಾಲ್ಕು ಕನ್ನಡದವರು ಸೇರಿದಾಗ ಚೆನ್ನಾಗಿಯೇ ಓಡುತ್ತದೆ. ಆ ರಾತ್ರಿ ಅಲ್ಲಿ ಇನ್ನೊಬ್ಬ ಹುಡುಗನಿದ್ದ. ಅದೇ ಬಸ್ಸಿನಲ್ಲಿ ಅವನ ದುಡ್ಡೂ ಹೋಗಿತ್ತು. ಹರಪನಹಳ್ಳಿ ಕಡೆಯವನು. ಯಜಮಾನರು ಅವನನ್ನೂ ಅದೇ ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿದರು. ಯಾವ ಎಳೆಯೂ ಎಲ್ಲಿಯೂ ಕೂಡಲಿಲ್ಲ. ಪೈಕಿ ಕೇಳಿದಾಗ ಅವನು ಸ್ವಲ್ಪ ತಡೆದು ಹೇಳಿದ. ‘ಕಂಡಕ್ಟರನ್ನ ಕೇಳಿ ನೋಡಪ್ಪ, ಒಳ್ಳೆಯವರಿದ್ರೆ ಹತ್ತಿಸ್ಕೋತಾರೆ’ ಎಂದು ಯಜಮಾನರು ಗಲ್ಲಾಕ್ಕೆ ಹೋದರು. ಬೈಯಲಿಲ್ಲ, ಗದರಲಿಲ್ಲ. ಶಿವಮೊಗ್ಗದ ಟಿಕೆಟ್ಟು ಆಗ ಇಪ್ಪತ್ತು ರೂಪಾಯಿಯ ಒಳಗೇ ಇತ್ತು. ನನ್ನ ಜೇಬಿನಲ್ಲಿ ಇನ್ನೂ ಮೂವತ್ತು ಉಳಿಯುತ್ತಿತ್ತು. ನಾನೂ ಕೊಡಲಿಲ್ಲ. ಬಸ್ಸು ಹೊರಡುವಾಗ ಅವನು ನಂದಿನಿ ಹಾಲಿನ ಬೂತಿನ ಹತ್ತಿರ ನಿಂತಿದ್ದ.

ಆದ್ದರಿಂದ ಯಾರಾದರೂ ‘ನಮ್ಮೂರಲ್ಲಿ ಮನುಷ್ಯತ್ವ ಇದೆ, ಅಲ್ಲಿ ಬರೀ ಯಂತ್ರ’ ಅಂದಾಗ ಈಗ ನನಗೆ ರೇಗುತ್ತದೆ. ಮೊನ್ನೆ ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ‘ಹೆಂಗಸರಿಗೆ ಈಗ ಆ ಚಿಂತೆಯೇ ಇಲ್ಲ ಕಣೋ, ಬಸ್ಸು ಫ್ರೀ’ ಅಂದಳು. 2023ರ ಜೂನಿನಿಂದ ಶಕ್ತಿ ಯೋಜನೆ ಇದೆ ನಿಜ, ಆದರೆ ಆಧಾರ್‌ನಂಥ ಗುರುತಿನ ಕಾರ್ಡು ತೋರಿಸಬೇಕಲ್ಲ, ಪರ್ಸಿನ ಜೊತೆ ಅದೂ ಹೋಗಿದ್ದರೆ? ‘ಕಂಡಕ್ಟರು ಬಿಡ್ತಾರೆ. ಮುಖ ನೋಡಿದ್ರೆ ಗೊತ್ತಾಗಲ್ವ?’ ಅಂದಳು. ಅಕ್ಕನ ಮುಖ ನೋಡಿದರೆ ಗೊತ್ತಾಗುತ್ತದೆ, ಸರಿ. ನೋಡಿದರೂ ಗೊತ್ತಾಗದ ಮುಖದವರು ಏನು ಮಾಡಬೇಕು?

ಇಲ್ಲಿಯವರು ದಾರಿಯಲ್ಲಿ ಸಿಕ್ಕಿಬೀಳುವುದನ್ನು ಯಾರಿಗೂ ಆಗಬಹುದಾದ ಸಂಗತಿ ಎಂದು ಲೆಕ್ಕ ಹಾಕಿಟ್ಟಿದ್ದಾರೆ. 2011ರ ಮಾರ್ಚ್ 11ರ ಭೂಕಂಪದ ಸಂಜೆ ಟೋಕಿಯೋದ ರೈಲುಗಳೆಲ್ಲ ನಿಂತು, ಲಕ್ಷಗಟ್ಟಲೆ ಜನ ಮನೆ ಸೇರಲಾಗದೆ ಬೀದಿಯಲ್ಲಿ ನಡೆದರು. ನಮ್ಮ ಆಫೀಸಿನ ಹಿರಿಯರೊಬ್ಬರು ಐದು ಗಂಟೆ ನಡೆದಿದ್ದರಂತೆ. ಆಮೇಲೆ ಊರಿನ ಆಡಳಿತ ಒಂದು ಕಟ್ಟಳೆ ತಂದಿತು. 2013ರ ಏಪ್ರಿಲಿನಿಂದ, ನೌಕರರನ್ನು ಹಾಗೆ ಬೀದಿಗೆ ಬಿಡದೆ ಆಫೀಸಿನಲ್ಲೇ ಉಳಿಸಿಕೊಳ್ಳಿ, ಮೂರು ದಿನದ ನೀರು, ಆಹಾರ ಇಟ್ಟಿರಿ ಎಂದು ಕಂಪನಿಗಳಿಗೆ ಹೇಳಿದೆ. ನಮ್ಮ ಪ್ರಿಂಟರಿನ ಹಿಂದಿನ ಕಪಾಟಿನಲ್ಲಿ ನೀರಿನ ಬಾಟಲಿ, ಬಿಸಿನೀರು ಹಾಕಿದರೆ ಅನ್ನವಾಗುವ ಪೊಟ್ಟಣ, ಹೊದಿಕೆ ಇವೆ. ಹೊದಿಕೆಯ ಮೇಲೆ ಯಾರ ಹೆಸರೂ ಬರೆದಿಲ್ಲ.

ಇಷ್ಟು ಬರೆದು ಹೆಂಡತಿಗೆ ಕಳಿಸಿದೆ. ಓದಿ, ‘ಕುತ್ತಿಗೆಯಲ್ಲಿ ಆಫೀಸಿನ ಕಾರ್ಡು ನೇತಾಡ್ತಿತ್ತಲ್ಲ, ಅದನ್ನ ಯಾಕೆ ಬರೆದಿಲ್ಲ?’ ಎಂದು ಕೇಳಿದಳು. ಹೌದು, ನೇತಾಡುತ್ತಿತ್ತು. ಆ ಹುಡುಗ ಎರಡನೆಯ ಕಾಗದ ತೆಗೆಯುವ ಮೊದಲು ಅದನ್ನು ನೋಡಿದ್ದೂ ಹೌದು. ಕಂಪನಿಯ ಹೆಸರು ಓದಿಕೊಂಡ. ಒಂಬತ್ತು ವರ್ಷದಲ್ಲಿ ಕಲಿತ ನನ್ನ ಹರಕು ಜಪಾನಿ ಭಾಷೆಯನ್ನೂ ಕೇಳಿಸಿಕೊಂಡ. ಭಾಷೆ ಬಾರದ, ಕಾರ್ಡಿಲ್ಲದ, ನನ್ನದೇ ಬಣ್ಣದ ಹುಡುಗನೊಬ್ಬ ಅದೇ ಬಾಗಿಲಿಗೆ ಹೋಗಿದ್ದರೆ ಮೊದಲು ಕೇಳುತ್ತಿದ್ದದ್ದು ನಿವಾಸದ ಕಾರ್ಡನ್ನೇ. ವಿದೇಶಿಯರು ಅದನ್ನು ಸದಾ ಜೊತೆಯಲ್ಲಿಟ್ಟುಕೊಂಡಿರಬೇಕು ಎಂಬುದು ಇಲ್ಲಿ ಕಾನೂನು, ಕಳೆದರೆ 14 ದಿನದೊಳಗೆ ಹೊಸದಕ್ಕೆ ಅರ್ಜಿ ಹಾಕಬೇಕು. ನನ್ನದು ಬ್ಯಾಗಿನಲ್ಲಿತ್ತು, ಅವನು ಕೇಳಲಿಲ್ಲ. ಕೊರಳಿನ ಪಟ್ಟಿಯೇ ಅಪ್ಪನ ಹೆಸರಿನ ಕೆಲಸ ಮಾಡಿತೋ ಏನೋ.

ಇನ್ನೊಂದನ್ನೂ ಒಪ್ಪಿಬಿಡುತ್ತೇನೆ. ಕಂಬಿಯ ಮೇಲೆ ಕೂತಿದ್ದ ಆ ಒಂದು ಗಂಟೆಯಲ್ಲಿ ‘ಯಾಕಯ್ಯಾ ಇಲ್ಲಿ ಕೂತಿದೀಯ’ ಎಂದು ಯಾರೂ ಕೇಳಲಿಲ್ಲ. ಕಡೂರಿನ ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದಿದ್ದರು. ಪೈಕಿ ಕೇಳುವುದಕ್ಕಾದರೂ ಬಂದಿದ್ದರು. ಮುಂದಿನ ತಿಂಗಳು ಅಪ್ಪ ಐವತ್ತು ರೂಪಾಯಿ ಹಿಂದಿರುಗಿಸಲು ಹೋದವರು ಎರಡು ಕುಂಬಳಕಾಯಿ ಹೊತ್ತು ವಾಪಸು ಬಂದರು. ಆಮೇಲೆ ಆ ಮನೆಯ ಪ್ರತಿ ಮದುವೆಯ ಕಾಗದವೂ ನಮಗೆ ಬರುತ್ತಿತ್ತು. ನನ್ನ ಮದುವೆಗೆ ಅವರೂ ಬಂದು, ಪಂಕ್ತಿಯಲ್ಲಿ ಕೂತು, ಅಕ್ಕಪಕ್ಕದವರಿಗೆಲ್ಲ ನನ್ನ ಜೇಬು ಹೋದ ಕಥೆ ಹೇಳಿದರು. ಇನ್ನೊಬ್ಬ ಹುಡುಗನ ಸುದ್ದಿ ಅವರೂ ಎತ್ತಲಿಲ್ಲ.

ಕಳೆದ ಶನಿವಾರ ನಿಷಿ ಕಸಾಯಿಯ ಕೊಬಾನಿಗೆ ಹೋಗಿ ಸಾಲ ತೀರಿಸಿದೆ. ಸುಮ್ಮನೆ ಹೋಗಲು ಮನಸ್ಸು ಬಾರದೆ, ಊರಿನಿಂದ ಬಂದಿದ್ದ ಮೈಸೂರು ಪಾಕನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿದ್ದೆ. ಅಲ್ಲಿದ್ದವರು ಬೇರೆ ಪೊಲೀಸರು, ಐವತ್ತರ ಆಸುಪಾಸು. ದುಡ್ಡು ಎಣಿಸಿಕೊಂಡು ಕಾಗದದ ಕೆಲಸ ಮುಗಿಸಿದರು. ನಾಲ್ಕು ನಿಮಿಷ. ಡಬ್ಬಿ ಮುಂದಿಟ್ಟೆ. ಎರಡೂ ಕೈಯಿಂದ ಅದನ್ನು ನನ್ನ ಕಡೆಗೇ ಸರಿಸಿ, ತಲೆ ಬಾಗಿಸಿ, ತೆಗೆದುಕೊಳ್ಳುವ ಹಾಗಿಲ್ಲ ಅಂದರು. ಹೊರಗೆ ಬಂದು ಸ್ಟೇಷನ್ನಿನ ಎದುರಿನ ಬೆಂಚಿನಲ್ಲಿ ಕೂತು ಎರಡು ತುಂಡು ತಿಂದೆ. ಪಕ್ಕದಲ್ಲಿ ಕಾಲೇಜು ಹುಡುಗನೊಬ್ಬ ಫೋನು ನೋಡುತ್ತ ಕೂತಿದ್ದ. ತಗೋ ಅನ್ನಬೇಕೆನಿಸಿತು. ಅವನು ಬೆಚ್ಚಿಬಿದ್ದಾನು ಎಂದು ಡಬ್ಬಿ ಮುಚ್ಚಿದೆ.