ಕವಿ ಬಾಳದ ಮನೆಗಳನ್ನು ಯಾರು ಉಳಿಸಬೇಕು?

ಫಾರ್ಮ್‌ಹೌಸ್ ಅಂದ ಕೂಡಲೇ ನಮ್ಮಲ್ಲಿ ವಾರಾಂತ್ಯದ ಬಂಗಲೆ ನೆನಪಾಗುತ್ತದೆ. ನಾನಿರುವ ಅಮೆರಿಕದಲ್ಲಿ ಹಾಗಲ್ಲ. ಅದು ಬೇಸಾಯ ಮಾಡಿಕೊಂಡಿದ್ದವರ ಮನೆ. ಸುತ್ತಲಿನ ಹೊಲವೆಲ್ಲ ಬಡಾವಣೆಯಾದ ಮೇಲೂ ಕೆಲವು ಕಡೆ ಮನೆಯೊಂದು ಉಳಿದಿರುತ್ತದೆ. ಅಂಥ ಮನೆಯನ್ನು ಗ್ರಂಥಾಲಯ ಮಾಡಿ ಉಳಿಸಿಕೊಳ್ಳುವ ದಾರಿ ನನಗೆ ತುಂಬಾ ಹಿಡಿಸಿದೆ.

ಬರೀ ಕಾನೂನು ಸಾಲದು. 1966ರ ಕಾಯ್ದೆಯಿಂದ ಇಲ್ಲಿ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿ ಬಂತು. ಆದರೆ ಮಾಲೀಕ ತನ್ನ ದುಡ್ಡಿನಲ್ಲೇ ಮನೆ ಕೆಡವಲು ಹೊರಟರೆ ಆ ಪಟ್ಟಿ ತಡೆಯುವುದಿಲ್ಲ. ಅದಕ್ಕೇ ಮನೆಗೆ ದಿನವೂ ಒಂದು ಕೆಲಸ ಬೇಕು. ಮ್ಯೂಸಿಯಂಗೆ ಒಮ್ಮೆ ಹೋಗಿ ಬರುತ್ತೇವೆ. ಗ್ರಂಥಾಲಯಕ್ಕೆ ಮಕ್ಕಳು ವಾರವಾರ ಬರುತ್ತಾರೆ. ಜನ ಓಡಾಡುವ ಕಡೆ ಸೋರುವ ಮಾಡು ಬೇಗ ಕಣ್ಣಿಗೆ ಬೀಳುತ್ತದೆ, ಅಲ್ವಾ?

ತೊಡಕಿರುವುದು ಪುಸ್ತಕದ ತೂಕದಲ್ಲಿ. ಇಲ್ಲಿನ ಕಟ್ಟಡದ ಲೆಕ್ಕದಲ್ಲಿ ವಾಸದ ಕೋಣೆಯ ನೆಲ ಚದರ ಅಡಿಗೆ 40 ಪೌಂಡ್ ಹೊತ್ತರೆ ಸಾಕು. ಗ್ರಂಥಾಲಯದ ಓದುವ ಕೋಣೆಗೆ 60 ಬೇಕು, ಕಪಾಟಿನ ಸಾಲುಗಳಿಗೆ 150. ಹಳೆ ತೊಲೆಗಳ ಮೇಲೆ ಸುಮ್ನೆ ಕಪಾಟು ಜೋಡಿಸಿದರೆ ಮನೆ ಉಳಿಸಲು ಹೋಗಿ ಕೆಡಿಸಿದಂತಾಗುತ್ತದೆ. ಹಳೆ ಕೋಣೆಗಳನ್ನು ಓದಲಿಕ್ಕೆ, ಮಕ್ಕಳಿಗೆ ಕಥೆ ಹೇಳಲಿಕ್ಕೆ ಬಿಡಬೇಕು. ಪುಸ್ತಕದ ಭಾರವನ್ನು ಹಿಂದೆ ಕಟ್ಟುವ ಹೊಸ ಭಾಗ ಹೊರಬೇಕು. ಆ ಹೊಸ ಭಾಗ ಹಳೆಯದಕ್ಕೆ ಹೊಂದಬೇಕು, ಆದರೆ ಹೊಸದೆಂದು ಗೊತ್ತಾಗಬೇಕು ಅನ್ನುತ್ತದೆ ಇಲ್ಲಿನ ಸರ್ಕಾರದ ಮಾರ್ಗಸೂಚಿ. ಎಷ್ಟು ಪ್ರಾಮಾಣಿಕ ಮಾತು!

ನಮ್ಮ ತೊಟ್ಟಿ ಮನೆಗೆ ಈ ಕಷ್ಟ ಕಡಿಮೆ. ಅಟ್ಟವನ್ನು ಖಾಲಿ ಬಿಟ್ಟು, ಕಪಾಟುಗಳನ್ನು ಗಟ್ಟಿ ನೆಲದ ಮೇಲೇ ಇಡಬಹುದು. ತೊಟ್ಟಿಯಿಂದ ಬೆಳಕು ಬರುತ್ತದೆ. ಕೂತು ಓದಲು ಜಗಲಿ ಇದೆ. ಮಳೆಗಾಲದ ತೇವ, ಗೆದ್ದಲು ಮಾತ್ರ ಜೋಪಾನ.

ದುಡ್ಡಿನ ದಾರಿಯೂ ನಮ್ಮಲ್ಲಿದೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಗ್ರಂಥಾಲಯ ಕಟ್ಟಲು ಸಾಲ ಎತ್ತಬೇಕಾದರೆ ಜನರ ಮತ ಕೇಳಬೇಕು. ಕರ್ನಾಟಕದಲ್ಲಿ 1965ರ ಕಾಯ್ದೆಯಿಂದಲೇ ಗ್ರಂಥಾಲಯ ಕರ ಇದೆ. ಹಳ್ಳಿಯ ಗ್ರಂಥಾಲಯಗಳು ಈಗ ಗ್ರಾಮ ಪಂಚಾಯಿತಿಯ ಕೈಯಲ್ಲಿವೆ, ಅರಿವು ಕೇಂದ್ರ ಎಂಬ ಚಂದದ ಹೆಸರಿನಲ್ಲಿ.

ಕುಪ್ಪಳಿಯ ಕವಿಮನೆಯನ್ನು ಜತನವಾಗಿ ಉಳಿಸಿಕೊಂಡಿದ್ದೇವೆ. ಕವಿ ಬಾಳದ ಮನೆಗಳ ಗತಿ? ಪಾಲಾಗಿ, ಬೀಗ ಬಿದ್ದು, ಒಂದೊಂದು ಮಳೆಗಾಲಕ್ಕೆ ಒಂದೊಂದು ಗೋಡೆ ಕುಸಿಯುತ್ತದೆ. ಮಾರಬೇಕಾಗಿಲ್ಲ. ಹಲವು ವರ್ಷಗಳ ಕರಾರಿನ ಮೇಲೆ ಪಂಚಾಯಿತಿಗೆ ಕೊಟ್ಟರೂ ಆದೀತು. ಅದಕ್ಕೆ ಎಲ್ಲ ಪಾಲುದಾರರ ಸಹಿ ಬೇಕು. ಅವರಲ್ಲಿ ಹೊರನಾಡಿನಲ್ಲಿರುವ ನಮ್ಮಂಥವರೂ ಇದ್ದೇವೆ. ಮೊದಲ ಸಹಿ ನಾವೇ ಹಾಕೋಣ.